ಮ್ಯೂನಿಕ್‌ನ ಡ್ಯೂಕ್ ಆಲ್ಬ್ರೆಕ್ಟ್: ಜಾಣನೋ, ನೆಲಗಳ್ಳನೋ?

ಪ್ರಶ್ನೆ: ನಾನು ಕೆಲವು ವರ್ಷಗಳಿಂದ ಮ್ಯೂನಿಕ್‌ನಲ್ಲಿದ್ದೇನೆ, ಆಫೀಸು ರೇಗೆನ್ಸ್‌ಬುರ್ಗ್‌ನಲ್ಲಿ. ಇಲ್ಲಿನ ಕನ್ನಡಿಗರ ಬಳಗದ ಸಂಚಿಕೆಗೆ ಬವೇರಿಯಾದ ಇತಿಹಾಸದ ಮೇಲೆ ನಾಲ್ಕು ಪುಟ ಬರೆದುಕೊಡಿ ಅಂದರು. ನಾಲ್ಕನೇ ಆಲ್ಬ್ರೆಕ್ಟ್ ಅನ್ನೋ ಡ್ಯೂಕ್‌ನನ್ನು ಆರಿಸಿಕೊಂಡೆ, ಈಗ ಸಿಕ್ಕಿಹಾಕಿಕೊಂಡಿದ್ದೇನೆ. ಮ್ಯೂನಿಕ್‌ನವರು ಅವನನ್ನು 'ಜಾಣ ಆಲ್ಬ್ರೆಕ್ಟ್' ಅನ್ನುತ್ತಾರೆ, ಚೂರುಚೂರಾಗಿದ್ದ ಬವೇರಿಯಾವನ್ನು ಒಂದು ಮಾಡಿದವನು ಅಂತ ಹೊಗಳುತ್ತಾರೆ. ರೇಗೆನ್ಸ್‌ಬುರ್ಗ್‌ನ ನನ್ನ ಸಹೋದ್ಯೋಗಿ ಮಾತ್ರ, ಸಾಲದಲ್ಲಿದ್ದ ನಮ್ಮ ಊರನ್ನು ನುಂಗಲು ಬಂದವನು ಅಂತಾನೆ. ಲಾಂಡ್ಸ್‌ಹುಟ್‌ಗೆ ಹೋದರೆ, ಹೆಣ್ಣುಮಗಳೊಬ್ಬಳ ಆಸ್ತಿ ಕಿತ್ತುಕೊಂಡವನು ಅನ್ನೋ ಮಾತು ಕೇಳಿತು. ಚಕ್ರವರ್ತಿಯ ಮಗಳನ್ನು ಸುಳ್ಳು ಪತ್ರ ತೋರಿಸಿ ಮದುವೆಯಾದ, ಬಿಯರ್ ಕಾನೂನು ತಂದ ಅಂತಲೂ ಓದಿದೆ. ಯಾವುದು ನಿಜ? ನಾನು ಯಾವ ಪಕ್ಷ ಹಿಡಿದು ಬರೆಯಲಿ ಸರ್? ತಪ್ಪು ಬರೆದು ಇಲ್ಲಿಯವರ ಮುಂದೆ ನಗೆಪಾಟಲಾಗುತ್ತೇನೋ ಅನ್ನೋ ಭಯ.

ಉತ್ತರ: ನಿಮ್ಮ ತಲೆನೋವು ನನಗೆ ಹೊಸದಲ್ಲ. ಮಧ್ಯಯುಗದ ಜರ್ಮನಿಯ ಪಾಠ ಮಾಡುವವರಿಗೆ ಇದು ಪದೇ ಪದೇ ಎದುರಾಗುತ್ತದೆ. ಆಗ ಜರ್ಮನಿ ಒಂದು ದೇಶವಾಗಿರಲಿಲ್ಲ. ನೂರಾರು ಡ್ಯೂಕ್‌ಗಳು, ಬಿಷಪ್‌ಗಳು, ಸ್ವತಂತ್ರ ನಗರಗಳು ಒಬ್ಬ ಚಕ್ರವರ್ತಿಯ ಹೆಸರಿನ ಕೆಳಗೆ ಬದುಕುತ್ತಿದ್ದವು. ಹಾಗಾಗಿ ಒಬ್ಬನೇ ಮನುಷ್ಯನ ಬಗ್ಗೆ ಊರಿಗೊಂದು ನೆನಪು ಇರೋದು ಸಹಜ.

ನೀವು ಕೇಳಿದ ಮೂರೂ ಕಥೆಗಳಲ್ಲಿ ನಿಜ ಇದೆ. ಆದರೆ ಮೂರರಲ್ಲೂ ಒಂದು ವಿಷಯ ಬಿಟ್ಟುಹೋಗಿದೆ. ಆಲ್ಬ್ರೆಕ್ಟ್ ನೆಲ ಸಂಪಾದಿಸಲು ಕತ್ತಿಗಿಂತ ಜಾಸ್ತಿ ನಂಬಿದ್ದು ಕಾಗದವನ್ನು. ಸಾಲಪತ್ರ, ಅಡಮಾನ, ಕ್ರಯಪತ್ರ, ಮದುವೆ ಒಪ್ಪಂದ, ದಾಯಾದಿಗಳ ಕರಾರು, ಇವೇ ಅವನ ಆಯುಧ. ಈ ಆಟದಲ್ಲಿ ಹ್ಯಾಬ್ಸ್‌ಬರ್ಗ್ ಮನೆತನಕ್ಕೆ, ಅಂದರೆ ಚಕ್ರವರ್ತಿಯ ಮನೆಗೆ, ಎದುರಾಗಿ ನಿಂತಾಗ ಸೋತ. ಅವರನ್ನು ಜೊತೆಗಿಟ್ಟುಕೊಂಡಾಗ ಗೆದ್ದ, ಮತ್ತು ಆ ಗೆಲುವಿಗೆ ನೆಲವನ್ನೇ ಬೆಲೆಯಾಗಿ ತೆತ್ತ. ನಿಮ್ಮ ಲೇಖನಕ್ಕೆ ಬೇಕಾದ ಎಳೆ ಇಷ್ಟೇ ಅಂತ ನನ್ನ ಅಭಿಪ್ರಾಯ.

ಮೊದಲು ಬವೇರಿಯಾ ಯಾಕೆ ಚೂರಾಗಿತ್ತು ಅನ್ನೋದು ನೋಡಿ. ಆಳುತ್ತಿದ್ದದ್ದು ವಿಟೆಲ್ಸ್‌ಬಾಕ್ ಮನೆತನ. ಅವರಲ್ಲಿ ಗಂಡುಮಕ್ಕಳೆಲ್ಲರಿಗೂ ಪಾಲು. 1255ರಲ್ಲೇ ಮೇಲಿನ ಬವೇರಿಯಾ, ಕೆಳಗಿನ ಬವೇರಿಯಾ ಅಂತ ಎರಡಾಯಿತು. ಮಧ್ಯೆ ಮಧ್ಯೆ ಸೇರುವುದು, ಮತ್ತೆ ಒಡೆಯುವುದು. 1392ರಲ್ಲಿ ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಮ್ಯೂನಿಕ್, ಲಾಂಡ್ಸ್‌ಹುಟ್, ಇಂಗೋಲ್‌ಸ್ಟಾಟ್ ಅಂತ ಮೂರು ರಾಜ್ಯ ಮಾಡಿದರು. ಸ್ಟ್ರೌಬಿಂಗ್ ಅದಕ್ಕೂ ಮೊದಲೇ ಬೇರೆಯಾಗಿತ್ತು. 1425ರಲ್ಲಿ ಸ್ಟ್ರೌಬಿಂಗ್ ಮನೆಗೆ ಗಂಡುಸಂತಾನವಿಲ್ಲದೆ ಹೋದಾಗ ಉಳಿದವರು ಅದನ್ನೂ ಹಂಚಿಕೊಂಡರು. ಇಂಗೋಲ್‌ಸ್ಟಾಟ್ 1447ರಲ್ಲಿ ಲಾಂಡ್ಸ್‌ಹುಟ್‌ನವರ ಪಾಲಾಯಿತು. ಪಾಲುಪಾರೀಕತ್ತಿನ ಜಗಳ ನೋಡಿ ಬೆಳೆದ ಯಾವ ಕನ್ನಡ ಓದುಗನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಮನಿಸಬೇಕಾದ್ದು ಒಂದೇ: ಶ್ರೀಮಂತಿಕೆ ಇದ್ದದ್ದು ಲಾಂಡ್ಸ್‌ಹುಟ್‌ನಲ್ಲಿ. ಒಳ್ಳೆಯ ಗೋಧಿ ನೆಲ, ಉಪ್ಪಿನ ಆದಾಯ, ದಕ್ಷಿಣಕ್ಕಿರುವ ಆಲ್ಪ್ಸ್ ಬೆಟ್ಟಸೀಮೆ ಟಿರೋಲ್‌ನ ಗಡಿಯಲ್ಲಿ ಬೆಳ್ಳಿ ಗಣಿಗಳು, 1472ರಿಂದ ಇಂಗೋಲ್‌ಸ್ಟಾಟ್‌ನಲ್ಲಿ ಒಂದು ವಿಶ್ವವಿದ್ಯಾಲಯ. ಅಲ್ಲಿನ ಡ್ಯೂಕ್‌ಗಳನ್ನು 'ಶ್ರೀಮಂತರು' ಅಂತಲೇ ಕರೆಯುತ್ತಿದ್ದರು. ಮ್ಯೂನಿಕ್ ಆಗ ಬಡ ದಾಯಾದಿ.

ಆ ಬಡ ಮನೆಯಲ್ಲಿ 1447ರ ಡಿಸೆಂಬರ್‌ನಲ್ಲಿ ಹುಟ್ಟಿದವನು ಆಲ್ಬ್ರೆಕ್ಟ್. ಇಲ್ಲೊಂದು ಗೊಂದಲ ತೆಗೆದುಬಿಡೋಣ. ಅವನ ಅಪ್ಪ ಮೂರನೇ ಆಲ್ಬ್ರೆಕ್ಟ್. ಆ ಅಪ್ಪನ ಪ್ರೇಯಸಿ ಆಗ್ನೆಸ್ ಬೆರ್ನಾವರ್‌ಳನ್ನು ಆ ಅಪ್ಪನ ತಂದೆಯೇ 1435ರಲ್ಲಿ ಸ್ಟ್ರೌಬಿಂಗ್ ಹತ್ತಿರ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿಸಿ ಕೊಲ್ಲಿಸಿದ. ನಮ್ಮ ಆಲ್ಬ್ರೆಕ್ಟ್ ಆಕೆಯ ಮಗ ಅಂತ ಕೆಲವರು ಬರೆಯುತ್ತಾರೆ. ಸುಳ್ಳು. ಅವನ ತಾಯಿ ಬ್ರೌನ್‌ಶ್ವೈಗ್ ಮನೆತನದ ಆನ್ನಾ, ಆಮೇಲೆ ಬಂದವಳು.

ಇವನಿಗೆ ಅಣ್ಣಂದಿರಿದ್ದರು, ಆದ್ದರಿಂದ ಚರ್ಚ್ ಸೇವೆಗೆ ಅಂತ ಓದಿಸಿದರು. ಇಟಲಿಯ ಪವಿಯಾದಲ್ಲಿ ಓದುತ್ತಿದ್ದ. 1463ರಲ್ಲಿ ದೊಡ್ಡಣ್ಣ ಪ್ಲೇಗ್‌ಗೆ ತೀರಿಕೊಂಡ. ಓದು ಬಿಟ್ಟು ಬಂದ ಹುಡುಗ ಪಾಲು ಕೇಳಿದ, 1465ರಲ್ಲಿ ಇನ್ನೊಬ್ಬ ಅಣ್ಣ ಸಿಗ್ಮುಂಡ್ ಜೊತೆ ಆಳ್ವಿಕೆಗೆ ಕೂತ. ಎರಡೇ ವರ್ಷಕ್ಕೆ ಸಿಗ್ಮುಂಡ್ ಸಾಕಪ್ಪ ಅಂತ ಅಧಿಕಾರ ಬಿಟ್ಟು, ಕಲೆ, ಕಟ್ಟಡ, ಬೇಟೆ ಅಂತ ಆರಾಮಾಗಿ ಬದುಕಿದ. ತಮ್ಮ ಕ್ರಿಸ್ಟೋಫ್ ಅಷ್ಟು ಸುಲಭದವನಲ್ಲ. ಮೈಬಲದಲ್ಲಿ ಹೆಸರಾದವನು. ಅವನು ಎತ್ತಿ ಎಸೆದ ಅಂತ ಹೇಳುವ 364 ಪೌಂಡ್ ತೂಕದ ಕಲ್ಲು ಇವತ್ತೂ ಮ್ಯೂನಿಕ್ ಅರಮನೆಯಲ್ಲಿದೆ, ನೋಡಿಯೇ ಇರುತ್ತೀರಿ. ಅವನೂ ಪಾಲು ಕೇಳಿದ. 1471ರಲ್ಲಿ ಆಲ್ಬ್ರೆಕ್ಟ್ ಅವನನ್ನು ಸ್ನಾನದ ಮನೆಯಲ್ಲೇ ಹಿಡಿಸಿ ಒಂದೂವರೆ ವರ್ಷಕ್ಕೂ ಜಾಸ್ತಿ ಸೆರೆಯಲ್ಲಿಟ್ಟ. ಮೈಗೆ ಬಟ್ಟೆ ಇಲ್ಲದಾಗ ಹಿಡಿದದ್ದು, ಬಟ್ಟೆ ಇದ್ದಿದ್ದರೆ ಕತ್ತಿಯೂ ಇರುತ್ತಿತ್ತಲ್ವಾ!

ಹಿಡಿದುಕೊಟ್ಟವನು ನಿಕ್ಲಾಸ್ ಅನ್ನುವ ಆಬೆನ್ಸ್‌ಬರ್ಗ್‌ನ ಜಮೀನ್ದಾರ. 1485ರಲ್ಲಿ ಕ್ರಿಸ್ಟೋಫ್‌ನ ಕಡೆಯವರು ಅವನನ್ನು ಕೊಂದರು. ಅವನಿಗೆ ಗಂಡುಮಕ್ಕಳಿಲ್ಲ, ವಂಶ ಅಲ್ಲಿಗೆ ಮುಗಿಯಿತು. ಆಗ ಆಬೆನ್ಸ್‌ಬರ್ಗ್ ಅನ್ನು ತೆಗೆದುಕೊಂಡವನು ಯಾರು ಹೇಳಿ? ಆಲ್ಬ್ರೆಕ್ಟ್. ಅದು ಚಕ್ರವರ್ತಿಗೆ ಸೇರಬೇಕಾದ ನೆಲ ಅನ್ನೋ ವಾದ ಎದ್ದಿತು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಕೆಲಸದ ರೀತಿ ಇಲ್ಲೇ ಗೊತ್ತಾಗುತ್ತದೆ. ಯಾರದೋ ಸಾವು, ಯಾರದೋ ಸಾಲ, ಯಾರದೋ ಸಂತಾನವಿಲ್ಲದ ಸ್ಥಿತಿ, ಅಲ್ಲಿಗೆ ಇವನು ಕಾಗದ ಹಿಡಿದು ಹಾಜರ್.

ಈಗ ನಿಮ್ಮ ಸಹೋದ್ಯೋಗಿಯ ಊರು. ರೇಗೆನ್ಸ್‌ಬುರ್ಗ್ ಚಕ್ರವರ್ತಿಗೆ ಮಾತ್ರ ತಲೆಬಾಗುವ ಸ್ವತಂತ್ರ ನಗರ. ಒಂದು ಕಾಲಕ್ಕೆ ಭಾರಿ ವ್ಯಾಪಾರದ ಊರು. 15ನೇ ಶತಮಾನದ ಹೊತ್ತಿಗೆ ವ್ಯಾಪಾರವೆಲ್ಲ ನ್ಯೂರೆಂಬರ್ಗ್, ಆಗ್ಸ್‌ಬರ್ಗ್ ಕಡೆ ಹೋಗಿತ್ತು. ಊರಿನ ತಲೆ ಮೇಲೆ ತೀರಿಸಲಾಗದ ಸಾಲ. ಸುತ್ತಲೂ ಬವೇರಿಯಾದ ನೆಲ. ನೀವು ದಿನಾ ನೋಡುವ ಕಲ್ಲಿನ ಸೇತುವೆ ದಾಟಿದರೆ ಆಚೆ ದಡದ ಸ್ಟಾಟ್‌ಆಮ್‌ಹೋಫ್ ಡ್ಯೂಕ್‌ನದು. ಇಂಥ ಊರನ್ನು ಬಗ್ಗಿಸಲು ಫಿರಂಗಿ ಬೇಕಾಗಿಲ್ಲ. 1486ರಲ್ಲಿ ನಗರದವರೇ ಆಲ್ಬ್ರೆಕ್ಟ್‌ಗೆ ಶರಣಾದರು. ನಿಮ್ಮ ಸಹೋದ್ಯೋಗಿಗೆ ಇದನ್ನು ಮೆಲ್ಲಗೆ ಹೇಳಿ: ಊರನ್ನು ಗೆದ್ದುಕೊಂಡದ್ದಲ್ಲ, ಊರಿನ ದೊಡ್ಡವರು ಒಪ್ಪಿ ಒಳಗೆ ಬಿಟ್ಟುಕೊಂಡದ್ದು. ಆದರೆ ಆ ಒಪ್ಪಿಗೆ ಎಷ್ಟು ಸ್ವಂತ ಇಷ್ಟದ್ದು ಅನ್ನೋದು ಬೇರೆ ಮಾತು. ಸಾಲಗಾರನ ಒಪ್ಪಿಗೆ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಆಲ್ಬ್ರೆಕ್ಟ್ ಅಲ್ಲಿ ವಿಶ್ವವಿದ್ಯಾಲಯ ತೆರೆಯುವ ಯೋಚನೆಯನ್ನೂ ಮಾಡಿದ್ದ. ಡ್ಯಾನ್ಯೂಬ್ ದಡದ ಈ ಊರು ಕೈಯಲ್ಲಿದ್ದರೆ ಬಡ ಮ್ಯೂನಿಕ್‌ನ ಡ್ಯೂಕ್ ಒಂದೇ ಏಟಿಗೆ ದೊಡ್ಡ ಮನುಷ್ಯ.

ಚಕ್ರವರ್ತಿ ಮೂರನೇ ಫ್ರೆಡರಿಕ್‌ಗೆ ಇದು ನೇರ ಅವಮಾನ. ಆದರೆ ಆಗ ಆತನ ಪರಿಸ್ಥಿತಿ ಕೆಟ್ಟಿತ್ತು. ಹಂಗರಿಯ ರಾಜ ಮತ್ತಿಯಾಸ್ 1485ರಲ್ಲಿ ವಿಯೆನ್ನಾವನ್ನೇ ಕಿತ್ತುಕೊಂಡಿದ್ದ. ಚಕ್ರವರ್ತಿ ತನ್ನ ಮಗಳು ಕೂನಿಗುಂಡೆಯನ್ನು ಇನ್ಸ್‌ಬ್ರುಕ್‌ನಲ್ಲಿದ್ದ ಸಂಬಂಧಿ, ಟಿರೋಲ್‌ನ ಸಿಗಿಸ್ಮಂಡ್ ಹತ್ತಿರ ಬಿಟ್ಟಿದ್ದ. ಮದುವೆ ಮಾತುಕತೆ ಮೊದಲೇ ಶುರುವಾಗಿತ್ತು, ಚಕ್ರವರ್ತಿಗೆ ಆಗ ಅದು ಬೇಡ ಅಂತೇನೂ ಇರಲಿಲ್ಲ. ರೇಗೆನ್ಸ್‌ಬುರ್ಗ್ ವಿಷಯ ಬಂದ ಮೇಲೆ ಆತ ತಿರುಗಿಬಿದ್ದ. ಆದರೂ 1487ರ ಜನವರಿ 2ರಂದು ಇನ್ಸ್‌ಬ್ರುಕ್‌ನಲ್ಲಿ ಮದುವೆ ನಡೆದೇಹೋಯಿತು. ವರನಿಗೆ 39, ವಧುವಿಗೆ 21.

ಸುಳ್ಳು ಪತ್ರದ ವಿಷಯ ಕೇಳಿದಿರಿ. ಅಪ್ಪ ಒಪ್ಪಿದ್ದಾನೆ ಅಂತ ಹುಡುಗಿಗೆ ಒಂದು ನಕಲಿ ಪತ್ರ ತೋರಿಸಿದರು ಅನ್ನುವುದು ಹಳೆಯ ಕಾಲದಿಂದ ಬಂದ ಮಾತು, ಬೆರಳು ಜಾಸ್ತಿ ತೋರಿಸುವುದು ಸಿಗಿಸ್ಮಂಡ್‌ನ ಆಸ್ಥಾನದ ಕಡೆಗೆ. ನೀವು ಬರೆಯುವಾಗ 'ಹೀಗೊಂದು ಆರೋಪವಿದೆ' ಅಂತ ಬರೆಯಿರಿ, 'ಆಲ್ಬ್ರೆಕ್ಟ್ ನಕಲಿ ಪತ್ರ ಬರೆಸಿದ' ಅಂತ ಬರೆಯಬೇಡಿ. ಖಚಿತವಾಗಿ ಹೇಳಬಹುದಾದ್ದು ಇಷ್ಟು: ಚಕ್ರವರ್ತಿಯ ಒಪ್ಪಿಗೆ ಇಲ್ಲದೆ ಮದುವೆಯಾಯಿತು, ಮತ್ತು ಮಾವ ಅಳಿಯನನ್ನು ವರ್ಷಗಟ್ಟಲೆ ಕ್ಷಮಿಸಲಿಲ್ಲ. ಅಪಹರಣ ಗಿಪಹರಣ ಅನ್ನುವುದೆಲ್ಲ ಸುಮ್ನೆ ಮಸಾಲೆ.

ನಿಮ್ಮ ಪ್ರಶ್ನೆಯಲ್ಲಿ ಟಿರೋಲ್ ಇಲ್ಲವೇ ಇಲ್ಲ, ಅದೇ ನನಗೆ ಆಶ್ಚರ್ಯ. ಆಲ್ಬ್ರೆಕ್ಟ್‌ನ ಆಸೆ ಎಷ್ಟು ದೊಡ್ಡದಿತ್ತು ಅಂತ ಗೊತ್ತಾಗೋದು ಅಲ್ಲಿ. ಸಿಗಿಸ್ಮಂಡ್ ಆಗ 60ರ ಹತ್ತಿರದ ಮುದುಕ. ಅಧಿಕಾರಕ್ಕೆ ಬರುವಂಥ ಮಕ್ಕಳಿಲ್ಲ. ಅವನ ಗಣಿಗಳಿಂದ ಬೆಳ್ಳಿ ಹೊಳೆಯಂತೆ ಬರುತ್ತಿತ್ತು, ಅದಕ್ಕಿಂತ ವೇಗವಾಗಿ ಖರ್ಚಾಗುತ್ತಿತ್ತು. ಸಾಲ ಕೊಡುವವರಲ್ಲಿ ಆಲ್ಬ್ರೆಕ್ಟ್ ಮುಂದಿದ್ದ. ಒಂದೊಂದು ಸಾಲಕ್ಕೂ ಒಂದೊಂದು ಅಡಮಾನ, ಒಂದೊಂದು ಬರಹ. 1487ರಲ್ಲಿ ಸಿಗಿಸ್ಮಂಡ್ ವೆನಿಸ್ ಮೇಲೆ ಒಂದು ಅನಗತ್ಯ ಯುದ್ಧ ಬೇರೆ ಮಾಡಿ ಕೈ ಖಾಲಿ ಮಾಡಿಕೊಂಡ. ಅದೇ ವರ್ಷ ರೈನ್ ನದಿ ಕಡೆಯ ತನ್ನ ಹ್ಯಾಬ್ಸ್‌ಬರ್ಗ್ ನೆಲಗಳನ್ನು ಆಲ್ಬ್ರೆಕ್ಟ್ ಮತ್ತು ಲಾಂಡ್ಸ್‌ಹುಟ್‌ನ ಜಾರ್ಜ್ ಇಬ್ಬರಿಗೂ ಸೇರಿಸಿ 50,000 ಗುಲ್ಡನ್ ಚಿನ್ನದ ನಾಣ್ಯಕ್ಕೆ ಮಾರಿಬಿಟ್ಟ. ಟಿರೋಲ್ ಕೂಡ ಹೀಗೇ ಕೈಗೆ ಬರುವುದರಲ್ಲಿತ್ತು. ಯೋಚಿಸಿ: ರೇಗೆನ್ಸ್‌ಬುರ್ಗ್, ಟಿರೋಲ್, ಜೊತೆಗೆ ಚಕ್ರವರ್ತಿಯ ಮಗಳು ಹೆಂಡತಿ. ಇದು ನಡೆದಿದ್ದರೆ ಇಟಲಿಯ ಕಣಿವೆ ದಾರಿಗಳೆಲ್ಲ ಬವೇರಿಯಾದ ಕೈಯಲ್ಲಿರುತ್ತಿದ್ದವು.

ನಡೆಯಲಿಲ್ಲ. ಟಿರೋಲ್‌ನ ಜನಪ್ರತಿನಿಧಿಗಳ ಸಭೆ, ಅಲ್ಲಿ ರೈತರಿಗೂ ಜಾಗ ಇತ್ತು ಅನ್ನೋದು ವಿಶೇಷ, ತಮ್ಮ ಒಡೆಯನ ಸಹಿಗೆ ಲಗಾಮು ಹಾಕಿತು. ಬವೇರಿಯಾ ಪರವಾಗಿದ್ದ ಸಲಹೆಗಾರರನ್ನು ಓಡಿಸಿತು. 1490ರಲ್ಲಿ ಸಿಗಿಸ್ಮಂಡ್ ಎಲ್ಲವನ್ನೂ ಚಕ್ರವರ್ತಿಯ ಮಗ ಮ್ಯಾಕ್ಸಿಮಿಲಿಯನ್‌ಗೆ ಬಿಟ್ಟುಕೊಟ್ಟ. ಅತ್ತ ಚಕ್ರವರ್ತಿ 1488ರಲ್ಲಿ ಪಕ್ಕದ ಸ್ವಾಬಿಯಾ ಸೀಮೆಯ ನಗರಗಳನ್ನೂ ಸರದಾರರನ್ನೂ ಸೇರಿಸಿ ಒಂದು ಕೂಟ ಕಟ್ಟಿಸಿದ. ಅದರ ಮುಖ್ಯ ಗುರಿ ಬವೇರಿಯಾವನ್ನು ತಡೆಯುವುದು. ಆಲ್ಬ್ರೆಕ್ಟ್ ಪಡೆ ಕಟ್ಟಲು ತೆರಿಗೆ ಹಾಕಿದ. ತಮ್ಮನ್ನು ಕೇಳದೆ ತೆರಿಗೆ ಹಾಕಿದ್ದಕ್ಕೆ ಸ್ಟ್ರೌಬಿಂಗ್ ಕಡೆಯ ಸರದಾರರು 1489ರಲ್ಲಿ ಚಾಮ್ ಊರಲ್ಲಿ ಸೇರಿ ಅವನ ವಿರುದ್ಧ ಸಂಘ ಕಟ್ಟಿದರು. ಅದಕ್ಕೆ ಸಿಂಹದ ಗುರುತು, ಹಾಗಾಗಿ 'ಸಿಂಹದವರು' ಅಂತ ಹೆಸರು. ಅವನ ಸ್ವಂತ ತಮ್ಮಂದಿರೇ ಅವರ ಜೊತೆ ಸೇರಿಕೊಂಡರು. ಕ್ರಿಸ್ಟೋಫ್ ಸ್ನಾನದ ಮನೆ ಮರೆತಿರಲಿಲ್ಲ.

1491ರಲ್ಲಿ ರೇಗೆನ್ಸ್‌ಬುರ್ಗ್ ಮೇಲೆ, 1492ರ ಶುರುವಿನಲ್ಲಿ ಆಲ್ಬ್ರೆಕ್ಟ್ ಮೇಲೇ ಸಾಮ್ರಾಜ್ಯದ ಬಹಿಷ್ಕಾರ ಬಿತ್ತು. ಬಹಿಷ್ಕಾರ ಅಂದರೆ ಅವನ ನೆಲ, ಮಾಲು ಯಾರು ಬೇಕಾದರೂ ದೋಚಬಹುದು, ಕಾನೂನು ಕೇಳುವುದಿಲ್ಲ. ಆಗ್ಸ್‌ಬರ್ಗ್ ಹತ್ತಿರದ ಲೆಖ್‌ಫೆಲ್ಡ್ ಬಯಲಲ್ಲಿ ಸೈನ್ಯ ಸೇರಿತು. ದಾಯಾದಿ ಜಾರ್ಜ್ ನೆರವಿಗೆ ಬರಲಿಲ್ಲ.

ಈಗ ಆಲ್ಬ್ರೆಕ್ಟ್ ಮುಂದೆ ಏನಿತ್ತು? ಯುದ್ಧ ಮಾಡಬಹುದಿತ್ತು. ಸೋತರೆ ಮ್ಯೂನಿಕ್ಕೇ ಹೋಗುತ್ತಿತ್ತು, ಮನೆಯೊಳಗೇ ಪಾಲಿಗೆ ಕಾಯುತ್ತಿದ್ದ ತಮ್ಮಂದಿರಿದ್ದರು. ಕಾಲ ತಳ್ಳಬಹುದಿತ್ತು, ಚಕ್ರವರ್ತಿಗೆ 76 ವಯಸ್ಸು. ಆದರೆ ಎದುರು ನಿಂತಿದ್ದ ಸೈನ್ಯ ಅಷ್ಟು ಕಾಯುತ್ತಿರಲಿಲ್ಲ. ಭಾವಮೈದುನ ಮ್ಯಾಕ್ಸಿಮಿಲಿಯನ್ ಮಧ್ಯಸ್ಥಿಕೆಗೆ ಬಂದ. ಆಲ್ಬ್ರೆಕ್ಟ್ ರೇಗೆನ್ಸ್‌ಬುರ್ಗ್ ಬಿಟ್ಟುಕೊಟ್ಟ, ಸರದಾರರ ಜೊತೆಗೂ ರಾಜಿ ಮಾಡಿಕೊಂಡ. ನನ್ನನ್ನು ಕೇಳಿದರೆ ಅವನ ಬದುಕಿನ ಅತಿ ಜಾಣ ಕೆಲಸ ಇದು. ಆರು ವರ್ಷದ ಕೆಲಸ, ಆಸೆ, ದುಡ್ಡು ಎಲ್ಲ ಒಂದೇ ಬಾರಿಗೆ ಬಿಟ್ಟು ಎದ್ದುಬರುವುದು ಅಷ್ಟು ಸುಲಭ ಅಲ್ಲ. ಅದೇ ವರ್ಷ ಟಿರೋಲ್ ಕಡೆಯ ವ್ಯಾಪಾರಕ್ಕೆ ಅನುಕೂಲವಾಗಲಿ ಅಂತ ಕೆಸ್ಸೆಲ್‌ಬರ್ಗ್ ಗುಡ್ಡದ ಮೇಲೆ ಹೊಸ ರಸ್ತೆ ಮಾಡಿಸಿದ. ಟಿರೋಲ್ ಸಿಗದಿದ್ದರೆ ಟಿರೋಲ್‌ನ ಸಾಮಾನಾದರೂ ಮ್ಯೂನಿಕ್ ಮೇಲೆ ಹೋಗಲಿ! ಕೋಖೆಲ್ ಸರೋವರದಿಂದ ವಾಲ್ಖೆನ್ ಸರೋವರಕ್ಕೆ ಹೋಗುವ ತಿರುವು ದಾರಿಯಲ್ಲಿ ನೀವು ಕಾರಿನಲ್ಲಿ ಹೋಗಿದ್ದರೆ, ಆ ಹಳೆಯ ರಸ್ತೆಯ ಪಕ್ಕದಲ್ಲೇ ಹೋಗಿದ್ದೀರಿ.

ಇನ್ನು ಲಾಂಡ್ಸ್‌ಹುಟ್. ಅಲ್ಲಿನ ದೊಡ್ಡ ಮದುವೆ ಉತ್ಸವ ನೋಡಿದ್ದೀರಲ್ಲ, ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದಲ್ಲ, ಅದರ ಮದುಮಗನೇ ಜಾರ್ಜ್. 1475ರಲ್ಲಿ ಪೋಲೆಂಡ್ ರಾಜನ ಮಗಳು ಹೆಡ್ವಿಗ್‌ಳನ್ನು ಮದುವೆಯಾದ. ಅಷ್ಟು ವೈಭವದ ಮದುವೆಯಿಂದ ಉಳಿದದ್ದು ಹೆಣ್ಣುಮಕ್ಕಳು, ಗಂಡು ಉಳಿಯಲಿಲ್ಲ. ಮನೆತನದ ಕರಾರಿನ ಪ್ರಕಾರ ಒಂದು ಮನೆಯಲ್ಲಿ ಗಂಡುಸಂತಾನ ನಿಂತರೆ ನೆಲ ಇನ್ನೊಂದು ಮನೆಗೆ, ಅಂದರೆ ಮ್ಯೂನಿಕ್‌ಗೆ ಹೋಗಬೇಕು. ಜಾರ್ಜ್‌ಗೆ ಅದು ಬೇಡ. 1496ರಲ್ಲೇ ಮಗಳು ಎಲಿಜಬೆತ್ ಹೆಸರಿಗೆ ಉಯಿಲು ಬರೆದ. 1499ರಲ್ಲಿ ಅವಳನ್ನು ರೈನ್ ನದಿ ಕಡೆಯ ಪ್ಯಾಲಟಿನೇಟ್ ಅನ್ನೋ ರಾಜ್ಯದ ರುಪ್ರೆಕ್ಟ್‌ಗೆ ಕೊಟ್ಟ. ಅವನೂ ವಿಟೆಲ್ಸ್‌ಬಾಕ್‌ನವನೇ, ಬೇರೆ ಕವಲು. 1503ರ ಡಿಸೆಂಬರ್ 1ರಂದು ಜಾರ್ಜ್ ತೀರಿಕೊಂಡ.

'ಹೆಣ್ಣುಮಗಳ ಆಸ್ತಿ ಕಿತ್ತುಕೊಂಡ' ಅನ್ನೋ ಮಾತನ್ನು ಇಲ್ಲಿ ಬಿಡಿಸಿ ನೋಡಬೇಕು. ಮನೆಯ ಚಿನ್ನ, ಬೆಳ್ಳಿ, ನಗದನ್ನು ಅಪ್ಪ ಮಗಳಿಗೆ ಕೊಡಬಹುದಿತ್ತು. ರಾಜ್ಯ ಹಾಗಲ್ಲ. ಅದು ಸಾಮ್ರಾಜ್ಯದಿಂದ ಪಡೆದ ನೆಲ, ಸಾಮ್ರಾಜ್ಯದ ರಾಜನ ಒಪ್ಪಿಗೆ ಇಲ್ಲದೆ ಉಯಿಲಿನಲ್ಲಿ ಬರೆದು ಕೊಡಲು ಬರುವುದಿಲ್ಲ. ಜೊತೆಗೆ ದಾಯಾದಿ ಕರಾರೂ ಇತ್ತು. ಆ ಕಾಲದ ಕಾನೂನಿನ ಲೆಕ್ಕಕ್ಕೆ ಆಲ್ಬ್ರೆಕ್ಟ್‌ನ ಹಕ್ಕು ಗಟ್ಟಿ. ಎಲಿಜಬೆತ್‌ಗೆ ಅನ್ಯಾಯ ಆಯಿತು ಅಂತ ಇವತ್ತಿನ ಕಣ್ಣಿಗೆ ಅನ್ನಿಸಿದರೆ ತಪ್ಪಿಲ್ಲ, ಆದರೆ ಆ ಅನ್ಯಾಯ ಇದ್ದದ್ದು ಕಾನೂನಿನಲ್ಲೇ. ಇನ್ನೊಂದು, ಆಕೆ ಅಳುತ್ತಾ ಕೂತ ಹೆಣ್ಣೂ ಅಲ್ಲ. ಅವಳೂ ಗಂಡನೂ ತೀರ್ಪಿಗೆ ಕಾಯದೆ ಕೋಟೆಗಳನ್ನು, 1504ರ ಏಪ್ರಿಲ್‌ನಲ್ಲಿ ಲಾಂಡ್ಸ್‌ಹುಟ್ ಪೇಟೆಯನ್ನೂ ಹಿಡಿದುಕೊಂಡರು.

ಆಲ್ಬ್ರೆಕ್ಟ್ ಈ ಸಲ 1492ರ ಪಾಠ ಮರೆಯಲಿಲ್ಲ. ರುಪ್ರೆಕ್ಟ್ ಜೊತೆ ಅರ್ಧರ್ಧ ಹಂಚಿಕೊಳ್ಳಬಹುದಿತ್ತು, ಆಗ ಬವೇರಿಯಾ ಮತ್ತೆ ಎರಡು. ಒಬ್ಬನೇ ಯುದ್ಧಕ್ಕೆ ಹೋಗಬಹುದಿತ್ತು, ಆಗ ಪ್ಯಾಲಟಿನೇಟ್‌ನ ದುಡ್ಡು ಮತ್ತು ಬೊಹೀಮಿಯಾದ, ಅಂದರೆ ಇವತ್ತಿನ ಚೆಕ್ ಸೀಮೆಯ, ಕೂಲಿ ಸೈನಿಕರ ಎದುರು ಗೆಲ್ಲುವುದು ಕಷ್ಟ. ಅವನು ಹಿಡಿದದ್ದು ಮೂರನೇ ದಾರಿ: ಅಪ್ಪನ ನಂತರ ಸಾಮ್ರಾಜ್ಯದ ರಾಜನಾಗಿದ್ದ ಮ್ಯಾಕ್ಸಿಮಿಲಿಯನ್ ಜೊತೆ ನಿಲ್ಲುವುದು. ಮ್ಯಾಕ್ಸಿಮಿಲಿಯನ್ ಬಿಟ್ಟಿ ಬರುವವನಲ್ಲ. ನೆರವಿಗೆ ಬದಲು ತನಗೂ ನೆಲ ಬೇಕು ಅಂತ ಮೊದಲೇ ಹೇಳಿದ್ದ. ಸ್ವಾಬಿಯಾ ಕೂಟ, ನ್ಯೂರೆಂಬರ್ಗ್, ವ್ಯೂರ್ಟೆಂಬರ್ಗ್ ಎಲ್ಲರೂ ಬಂದರು, ಎಲ್ಲರಿಗೂ ಒಂದೊಂದು ತುಂಡು ಬೇಕಿತ್ತು. ಹದಿನಾರು ವರ್ಷದ ಹಿಂದೆ ಆಲ್ಬ್ರೆಕ್ಟ್‌ನನ್ನು ತಡೆಯಲು ಹುಟ್ಟಿದ ಕೂಟವೇ ಈಗ ಅವನ ಪರ.

ಯುದ್ಧದ ವಿವರಕ್ಕೆ ನಿಮ್ಮ ನಾಲ್ಕು ಪುಟದಲ್ಲಿ ಒಂದು ಪ್ಯಾರಾ ಸಾಕು. ಆಗಸ್ಟ್ 20ರಂದು ರುಪ್ರೆಕ್ಟ್, ಸೆಪ್ಟೆಂಬರ್ 15ರಂದು ಎಲಿಜಬೆತ್, ಇಬ್ಬರೂ ರಕ್ತಭೇದಿಯಿಂದ ತೀರಿಕೊಂಡರು. ಆಕೆ ಸಾಯುವ ಮೂರು ದಿನ ಮೊದಲು ರೇಗೆನ್ಸ್‌ಬುರ್ಗ್ ಹತ್ತಿರದ ವೆನ್ಸೆನ್‌ಬಾಖ್‌ನಲ್ಲಿ ಮ್ಯಾಕ್ಸಿಮಿಲಿಯನ್ ಬೊಹೀಮಿಯಾದವರನ್ನು ಸೋಲಿಸಿದ್ದ. ಅಕ್ಟೋಬರ್‌ನಲ್ಲಿ ಕುಫ್‌ಸ್ಟೈನ್ ಕೋಟೆ ಬಿತ್ತು. ಮೊದಲ ಗುಂಡುಗಳಿಂದ ಏನೂ ಆಗದೆ ಕೋಟೆಯವರು ಪೊರಕೆ ಹಿಡಿದು ಗೋಡೆ ಗುಡಿಸಿ ಅಣಕಿಸಿದರಂತೆ. ಮ್ಯಾಕ್ಸಿಮಿಲಿಯನ್ ಇನ್ನೂ ದೊಡ್ಡ ಫಿರಂಗಿ ತರಿಸಿ ಕೋಟೆ ಒಡೆದ, ಕೋಟೆಯ ನಾಯಕ ಹನ್ಸ್ ಫಾನ್ ಪೀಂಟ್ಸೆನಾವ್‌ನ ತಲೆ ತೆಗೆಸಿದ. ಕಬ್ಬಿಣದ ಕೈಯ ಯೋಧ ಗ್ಯೋಟ್ಸ್ ಹೆಸರು ಕೇಳಿದ್ದರೆ, ಅವನ ಕೈ ಹೋದದ್ದೂ ಈ ಯುದ್ಧದಲ್ಲೇ, ಲಾಂಡ್ಸ್‌ಹುಟ್ ಎದುರು, ಆಲ್ಬ್ರೆಕ್ಟ್ ಪಕ್ಷದಲ್ಲಿದ್ದಾಗ. ಹಳ್ಳಿಗಳನ್ನು ಎರಡೂ ಕಡೆಯವರು ಸುಟ್ಟರು. ರೈತನಿಗೆ ಯಾವ ಡ್ಯೂಕ್ ಗೆದ್ದರೂ ಒಂದೇ ಆಗಿತ್ತು, ಅದನ್ನು ಒಂದು ಸಾಲಾದರೂ ಬರೆಯಿರಿ.

1505ರ ಜುಲೈ 30ರಂದು ಕಲೋನ್‌ನಲ್ಲಿ ಮ್ಯಾಕ್ಸಿಮಿಲಿಯನ್ ತೀರ್ಪು ಕೊಟ್ಟ. ಲಾಂಡ್ಸ್‌ಹುಟ್‌ನ ಹೆಚ್ಚಿನ ಭಾಗ ಆಲ್ಬ್ರೆಕ್ಟ್‌ಗೆ. ಆದರೆ ಕುಫ್‌ಸ್ಟೈನ್, ಕಿಟ್ಸ್‌ಬ್ಯೂಲ್, ರಾಟೆನ್‌ಬರ್ಗ್, ಅಂದರೆ ಬೆಳ್ಳಿ ಗಣಿಯ ಸೀಮೆ, ನ್ಯಾಯಾಧೀಶನಾದ ಮ್ಯಾಕ್ಸಿಮಿಲಿಯನ್‌ಗೇ! ನೀವು ಸ್ಕೀಯಿಂಗ್‌ಗೆ ಕಿಟ್ಸ್‌ಬ್ಯೂಲ್‌ಗೆ ಹೋದಾಗ ಆಸ್ಟ್ರಿಯಾ ಗಡಿ ದಾಟುವುದು ಈ ತೀರ್ಪಿನ ಫಲ. ಲೌಫ್, ಹೆರ್ಸ್‌ಬ್ರುಕ್, ಆಲ್ಟ್‌ಡಾರ್ಫ್ ನ್ಯೂರೆಂಬರ್ಗ್‌ಗೆ. ಹೈಡೆನ್‌ಹೈಮ್ ವ್ಯೂರ್ಟೆಂಬರ್ಗ್‌ಗೆ. ಸತ್ತ ದಂಪತಿಯ ಇಬ್ಬರು ಪುಟ್ಟ ಗಂಡುಮಕ್ಕಳಿಗೆ ಡ್ಯಾನ್ಯೂಬ್ ದಡದ ನೋಯ್‌ಬುರ್ಗ್ ಸುತ್ತ ಒಂದು ಹೊಸ ಪುಟ್ಟ ರಾಜ್ಯ. ಅವರಲ್ಲಿ ದೊಡ್ಡವನು ಒಟ್‌ಹೈನ್ರಿಶ್ ಮುಂದೆ 1556ರಲ್ಲಿ ಪ್ಯಾಲಟಿನೇಟ್‌ನ ಎಲೆಕ್ಟರ್, ಅಂದರೆ ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಒಡೆಯ ಆದ. ಹಾಗಾಗಿ 'ಇಡೀ ಬವೇರಿಯಾವನ್ನು ಒಂದು ಮಾಡಿದ' ಅಂತ ಬರೆದರೆ ತಪ್ಪು. ಅಂಚು ಕತ್ತರಿಸಿ ಕೊಟ್ಟು, ಉಳಿದದ್ದನ್ನು ಒಂದು ಮಾಡಿದ.

ಇದಾದ ಮೇಲೆ 1506ರ ಜುಲೈ 8ರಂದು ಬಂದದ್ದು ಹಿರಿಮಗನಿಗೆ ಮಾತ್ರ ರಾಜ್ಯ ಅನ್ನುವ ಕಾನೂನು. ಮ್ಯೂನಿಕ್‌ನವರು ಅವನನ್ನು ಹೊಗಳುವುದು ಜಾಸ್ತಿ ಇದಕ್ಕೇ. ಕಿರಿಯರಿಗೆ ಕೌಂಟ್ ಅನ್ನೋ ಬಿರುದು, ವರ್ಷಾಶನ, ಅಷ್ಟೇ. ಇದನ್ನು ತಂದವನು ಸ್ವತಃ ಕಿರಿಮಗ, ಪಾಲು ಕೇಳಿ ಗದ್ದುಗೆಗೆ ಬಂದವನು, ಪಾಲು ಕೇಳಿದ ತಮ್ಮನನ್ನು ಸೆರೆಗೆ ಹಾಕಿದವನು. ಈ ವ್ಯಂಗ್ಯವನ್ನು ಬಿಡಬೇಡಿ. ಕಾನೂನಿಗೆ ಕೊನೆಯ ತಮ್ಮ ವೋಲ್ಫ್‌ಗಾಂಗ್‌ನ ಒಪ್ಪಿಗೆಯನ್ನೂ, ರಾಜ್ಯದ ಸರದಾರರು, ನಗರಗಳು, ಮಠಗಳ ಒಪ್ಪಿಗೆಯನ್ನೂ ಪಡೆದ. 1489ರಲ್ಲಿ ಕೇಳದೆ ತೆರಿಗೆ ಹಾಕಿ ಕೈ ಸುಟ್ಟುಕೊಂಡಿದ್ದನಲ್ಲ.

1508ರ ಮಾರ್ಚ್ 18ರಂದು ಅವನು ತೀರಿಕೊಂಡ. ಹಿರಿಮಗ ವಿಲ್ಹೆಲ್ಮ್‌ಗೆ 14. ಸ್ವಲ್ಪ ದೊಡ್ಡವನಾದ ಕೂಡಲೇ ಎರಡನೇ ಮಗ ಲುಡ್ವಿಗ್ ಎದ್ದುನಿಂತ. ಕಾನೂನು ಬಂದದ್ದು 1506ರಲ್ಲಿ, ನಾನು ಹುಟ್ಟಿದ್ದು 1495ರಲ್ಲಿ, ಹಾಗಾಗಿ ನನಗೆ ಅದು ಅನ್ವಯಿಸಲ್ಲ ಅಂದ. ತಾಯಿ ಕೂನಿಗುಂಡೆ ಗಂಡ ಸತ್ತ ಮೇಲೆ ಮ್ಯೂನಿಕ್‌ನ ಒಂದು ಮಠ ಸೇರಿದ್ದಳು, ಆದರೂ ಕಿರಿಮಗನ ಪರ ನಿಂತಳು. ಕೊನೆಗೆ ಅಣ್ಣ ಮಣಿದ. ಲುಡ್ವಿಗ್ ಲಾಂಡ್ಸ್‌ಹುಟ್‌ನಲ್ಲಿ ಕೂತು 1545ರಲ್ಲಿ ಸಾಯುವ ತನಕ ಸಹ ಆಡಳಿತ ಮಾಡಿದ. ಅವನು ಮದುವೆಯಾಗದೆ ಸತ್ತದ್ದರಿಂದ ರಾಜ್ಯ ಮತ್ತೆ ಒಡೆಯಲಿಲ್ಲ. ಕಾನೂನು ನಿಜವಾಗಿ ನಡೆದದ್ದು ಆಮೇಲೆ.

ಬಿಯರ್ ವಿಷಯ. ಎಲ್ಲರೂ ಹೇಳುವ 1516ರ ಬಿಯರ್ ಕಾನೂನು ಆಲ್ಬ್ರೆಕ್ಟ್‌ನದಲ್ಲ, ಈ ವಿಲ್ಹೆಲ್ಮ್ ಮತ್ತು ಲುಡ್ವಿಗ್ ಇಂಗೋಲ್‌ಸ್ಟಾಟ್‌ನಲ್ಲಿ ಹೊರಡಿಸಿದ್ದು. ಆಲ್ಬ್ರೆಕ್ಟ್ 1487ರಲ್ಲಿ ಮ್ಯೂನಿಕ್ ನಗರಕ್ಕೆ ಮಾತ್ರ ಒಂದು ಆಜ್ಞೆ ಹಾಕಿದ್ದ: ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಬೇಡ, ಬೆಲೆ ಇಷ್ಟೇ. ಎರಡನ್ನೂ ಬೆರೆಸಬೇಡಿ.

ಈಗ ಏನಂತ ಬರೆಯಬೇಕು ಅನ್ನೋದು. ಬವೇರಿಯಾ ಕಟ್ಟಿದ ಮಹಾಪುರುಷ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ರೇಗೆನ್ಸ್‌ಬುರ್ಗ್, ಟಿರೋಲ್ ಎರಡನ್ನೂ ಮುಚ್ಚಿಡಬೇಕಾಗುತ್ತದೆ, ನಿಮ್ಮ ಸಹೋದ್ಯೋಗಿ ಬಿಡುವುದಿಲ್ಲ. ನೆಲಗಳ್ಳ ಅಂತ ಬರೆದರೆ ಇನ್ನೂ ಕಷ್ಟ. ಅವನ ಸುತ್ತ ಇದ್ದವರೆಲ್ಲ ಅದನ್ನೇ ಮಾಡುತ್ತಿದ್ದರು, ಎಲ್ಲರಿಗಿಂತ ಜಾಸ್ತಿ ಮಾಡಿ ಗೆದ್ದವರು ಹ್ಯಾಬ್ಸ್‌ಬರ್ಗ್‌ನವರು. ಹುಟ್ಟಿದ್ದು, ಮದುವೆ, ಯುದ್ಧ, ಸಾವು ಅಂತ ವರ್ಷದ ಪ್ರಕಾರ ಬರೆಯುವುದು ಸುರಕ್ಷಿತ, ಆದರೆ ಯಾರೂ ಎರಡನೇ ಪುಟ ದಾಟುವುದಿಲ್ಲ. ನಾನಾಗಿದ್ದರೆ 1492 ಮತ್ತು 1504, ಈ ಎರಡು ವರ್ಷಗಳನ್ನು ಎದುರುಬದುರು ಇಟ್ಟು ಬರೆಯುತ್ತಿದ್ದೆ. ಅದೇ ಮನುಷ್ಯ, ಅದೇ ಆಸೆ. ಒಂದರಲ್ಲಿ ರಾಜಮನೆ ಎದುರಿಗೆ, ಇನ್ನೊಂದರಲ್ಲಿ ಪಕ್ಕಕ್ಕೆ. ಇದರ ಅಪಾಯ ಅಂದರೆ ಎಲ್ಲವೂ ಅವನೇ ಲೆಕ್ಕ ಹಾಕಿ ಮಾಡಿದಂತೆ ಕಾಣಿಸಿಬಿಡುತ್ತದೆ. ರಕ್ತಭೇದಿ ಅವನ ಲೆಕ್ಕದಲ್ಲಿರಲಿಲ್ಲ. ರುಪ್ರೆಕ್ಟ್ ಬದುಕಿದ್ದರೆ ಯುದ್ಧ ಎಲ್ಲಿಗೆ ಹೋಗುತ್ತಿತ್ತೋ. ಅದಕ್ಕೂ ಒಂದು ಮಾತು ಜಾಗ ಬಿಡಿ.

ಕೊನೆಗೆ ಫೋಟೋ. ಮ್ಯೂನಿಕ್‌ನ ಎರಡು ಗೋಪುರದ ಫ್ರೌವೆನ್‌ಕಿರ್ಶ್ ಚಿತ್ರ ಹಾಕುತ್ತೀರಿ ಅಂತ ಊಹೆ, ಎಲ್ಲರೂ ಹಾಕುತ್ತಾರೆ. ಕೆಳಗೆ 'ಆಲ್ಬ್ರೆಕ್ಟ್ ಕಟ್ಟಿಸಿದ ಚರ್ಚ್' ಅಂತ ಬರೆಯಬೇಡಿ. 1468ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟವನು ಅಧಿಕಾರ ಬಿಟ್ಟ ಅಣ್ಣ ಸಿಗ್ಮುಂಡ್. ಆಲ್ಬ್ರೆಕ್ಟ್‌ನನ್ನು ಹೂಳಿದ್ದು ಅಲ್ಲಿ, ಅಷ್ಟು ಬರೆದರೆ ಸಾಕು.